ಬಾಗಿಲ ಮೇಲೆ ಮೂಡಿದ ಬಿಲ್ಲು

ಚಿತ್ರದುರ್ಗದ ಕೋಟೆ ಹತ್ತುವಾಗ ಏದುಸಿರು, ಇಳಿಯುವಾಗ ಭಯ. ಕಲ್ಲಿನ ಮೆಟ್ಟಿಲು ಒಂದರಂತೆ ಇನ್ನೊಂದಿಲ್ಲ. ಗ್ಲಾಕೋಮಾ ಎಂಬ ಕಣ್ಣಿನ ರೋಗ ಇರುವ ಕೆಲವರಿಗೆ ದೂರದ ಬುರುಜು ನಿಚ್ಚಳವಾಗಿ ಕಂಡು, ಕಾಲಬುಡದ ಮೆಟ್ಟಿಲೇ ತಪ್ಪಿಹೋಗುತ್ತದೆ. ಅಲ್ಲಿ ಕತ್ತಲೆಯೂ ಕಾಣದು. ಹಾಗಾಗಿ ತಪ್ಪಿದ್ದು ಗೊತ್ತೇ ಆಗುವುದಿಲ್ಲ. ರೋಗಿಗೇ ತಿಳಿಯದ ಈ ನಷ್ಟವನ್ನು ವೈದ್ಯರು ಕಂಡುಹಿಡಿದದ್ದು ಹೇಗೆ?

1851ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಜೀವಂತ ಕಣ್ಣಿನೊಳಗೆ ಇಣುಕುವ ಉಪಕರಣವನ್ನು ಲೋಕಕ್ಕೆ ಪರಿಚಯಿಸಿದರು. ಬರ್ಲಿನ್ನಿನ ನೇತ್ರವೈದ್ಯ ಆಲ್ಬ್ರೆಕ್ಟ್ ಫಾನ್ ಗ್ರೇಫೆ ಅದರಲ್ಲಿ ಗ್ಲಾಕೋಮಾದ ಕಣ್ಣು ನೋಡಿ, ದೃಷ್ಟಿನರದ ತುದಿ ಉಬ್ಬಿದೆ ಎಂದರು. ನಿಜಕ್ಕೂ ಅದು ಗುಳಿಬಿದ್ದಿತ್ತು. ಒಂಟಿಕಣ್ಣಲ್ಲಿ ನೋಡುವಾಗ ಗುಳಿಯೂ ದಿಬ್ಬದಂತೆ ಕಂಡೀತು. ಕೆಲವೇ ಕಾಲದಲ್ಲಿ ಗ್ರೇಫೆ ತಾವೇ ತಪ್ಪು ತಿದ್ದಿಕೊಂಡರು.

ಗುಳಿ ಬೀಳುವುದೇಕೆ? ಕಣ್ಣಿನೊಳಗೆ ತಿಳಿದ್ರವ ಸದಾ ಒಸರುತ್ತದೆ, ಸದಾ ಹೊರಗೆ ಹರಿಯುತ್ತದೆ. ಹಿರಿಯೂರಿನ ಮಾರಿಕಣಿವೆ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ; ಅಲ್ಲಿ ಹೆಚ್ಚಾದ ನೀರಿಗೆ ಕೋಡಿಯಾದರೂ ಉಂಟು. ಕಣ್ಣಿಗಿರುವುದು ತೂಬು ಮಾತ್ರ. ಅದು ಕಟ್ಟಿದರೆ ಒತ್ತಡವೇರಿ ನರದ ಎಳೆಗಳು ಸಾಯುತ್ತವೆ. ಒತ್ತಡ ಸಾಮಾನ್ಯವಿದ್ದೂ ನರ ಸವೆಯುವವರಿದ್ದಾರೆ. ಆದ್ದರಿಂದ ಒತ್ತಡ ಅಳೆದರೆ ಸಾಲದು, ನೋಟದ ಹರವನ್ನೂ ಅಳೆಯಬೇಕು.

ಆ ಕೆಲಸ ಸೂಕ್ಷ್ಮವಾದದ್ದು ಒಂದು ಬಾಗಿಲಿನಿಂದ. ಕೋಪನ್‌ಹೇಗನ್ನಿನ ನೇತ್ರವೈದ್ಯ ಯಾನಿಕ್ ಬ್ಯೆರುಮ್ ತಮ್ಮ ಕೋಣೆಯ ಬಾಗಿಲ ಹಿಂಬದಿಯನ್ನೇ ಪರದೆ ಮಾಡಿಕೊಂಡರು. ರೋಗಿ ಎರಡು ಮೀಟರ್ ದೂರದಲ್ಲಿ ಕೂತು ನಡುವಿನ ಚುಕ್ಕೆಯಲ್ಲೇ ಕಣ್ಣು ನೆಡಬೇಕು. ವೈದ್ಯರು ಕೆಲವೇ ಮಿಲಿಮೀಟರಿನ ಬಿಳಿ ಗುರುತನ್ನು ಮೆಲ್ಲಗೆ ಸರಿಸುತ್ತಾರೆ. ಅದು ಮಾಯವಾದ ಕೂಡಲೇ ರೋಗಿ ಹೇಳಬೇಕು. ಹತ್ತಿರದಿಂದ ದೊಡ್ಡ ಗುರುತು ತೋರಿಸಿದರೆ ಸಿಗದ ಸಣ್ಣ ಕೊರತೆಗಳು ಹೀಗೆ ಸಿಕ್ಕಿಬಿದ್ದವು. ಮಾಯವಾದ ಜಾಗಗಳನ್ನು ಜೋಡಿಸಿದರೆ ನಡುವನ್ನು ಬಳಸಿ ಬಾಗಿದ ಬಿಲ್ಲು! ನರದ ಎಳೆಗಳು ಕಣ್ಣಿನೊಳಗೆ ಸಾಗುವುದೂ ಹಾಗೆ ಬಾಗಿಯೇ. ಬ್ಯೆರುಮ್ ಇದನ್ನು ಪ್ರಕಟಿಸಿದ್ದು 1889ರಲ್ಲಿ. ನಡುವಿನ ನೋಟ ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುವುದರಿಂದ ರೋಗಿ ಪೇಪರ್ ಓದುತ್ತಾನೆ, ಮನೆಯವರು ಕಣ್ಣು ಚೆನ್ನಾಗಿದೆ ಅಂದುಕೊಳ್ಳುತ್ತಾರೆ.

ಬಾಗಿಲಿನ ಪಾಠ ನೆಲಕ್ಕಿಳಿಯಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. 1999ರಲ್ಲಿ ಅಮೆರಿಕದ ಕ್ಯಾಥ್ಲೀನ್ ಟ್ಯುರಾನೊ ತಂಡ ಗ್ಲಾಕೋಮಾ ಇದ್ದವರನ್ನು ನಡೆಸಿ ನೋಡಿತು. ಅವರ ನಡಿಗೆ ಸುಮಾರು ಶೇ. 10ರಷ್ಟು ನಿಧಾನ. ನೋಟದ ಕೆಳಭಾಗ ಹೋದ ಹಿರಿಯರು ಹೆಚ್ಚು ಬೀಳುತ್ತಾರೆಂದು 2011ರಲ್ಲಿ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತು. ಹೊಸ್ತಿಲು, ಚರಂಡಿಯ ಅಂಚು, ಇಳಿಯುವ ಮೆಟ್ಟಿಲು ಎಲ್ಲವೂ ಇರುವುದು ಆ ಕೆಳಭಾಗದಲ್ಲೇ ತಾನೆ? 2013ರಲ್ಲಿ ಲಂಡನ್ನಿನ ಡೇವಿಡ್ ಕ್ರ್ಯಾಬ್ ತಂಡ ಚಿತ್ರಗಳನ್ನು ತೋರಿಸಿ, ನಿಮಗೆ ಹೇಗೆ ಕಾಣುತ್ತದೆ ಎಂದು 50 ರೋಗಿಗಳನ್ನೇ ಕೇಳಿತು. ಪುಸ್ತಕಗಳಲ್ಲಿ ಬರೆಯುವ ಕಪ್ಪು ಸುರಂಗದ ಚಿತ್ರವನ್ನು ಒಬ್ಬರೂ ಆರಿಸಲಿಲ್ಲ. ಹೆಚ್ಚಿನವರು ಮಸುಕು ಎಂದರು. 13 ಮಂದಿಗೆ ಕೊರತೆಯ ಅರಿವೇ ಇರಲಿಲ್ಲ.

ನೇತ್ರವೈದ್ಯ ಡಾ. ಎಂ.ಸಿ. ಮೋದಿಯವರಂಥವರ ಶಿಬಿರಗಳಿಂದ, ಕಣ್ಣಿನ ಪೊರೆ ತೆಗೆದರೆ ನೋಟ ಮರಳುತ್ತದೆಂಬುದು ನಮ್ಮ ಹಳ್ಳಿಗಳಿಗೆ ಗೊತ್ತು. ಗ್ಲಾಕೋಮಾದಲ್ಲಿ ಹೋದದ್ದು ಮರಳದು. ಹನಿ ಔಷಧ, ಲೇಸರ್, ಶಸ್ತ್ರಚಿಕಿತ್ಸೆಗಳಿಂದ ಉಳಿದದ್ದನ್ನು ಕಾಯಬಹುದು. ನಲವತ್ತು ದಾಟಿದವರು, ಅದರಲ್ಲೂ ಒಡಹುಟ್ಟಿದವರಿಗೆ ಗ್ಲಾಕೋಮಾ ಇರುವವರು, ದೃಷ್ಟಿನರ ತೋರಿಸಿಕೊಳ್ಳಬೇಕು. ಮೆಟ್ಟಿಲಿನ ಅಂಚಿಗೆ ಸುಣ್ಣದ ಗೆರೆ ಎಳೆದರೂ ಉಪಕಾರವೇ.

ಹೊಸದುರ್ಗವಿರಲಿ, ಹೊಳಲ್ಕೆರೆಯಿರಲಿ, ಮನೆಯ ಹಿರಿಯರನ್ನು “ಅಜ್ಜಾ, ಪೇಪರ್ ಕಾಣ್ತೈತಾ?” ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. “ಈ ವಾರ ಎಲ್ಲೆಲ್ಲಿ ಎಡವಿದ್ರಿ?” ಎಂದೂ ಕೇಳಿ. ಬ್ಯೆರುಮ್ ತಮ್ಮ ಬಾಗಿಲ ಮುಂದೆ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ: ಎಲ್ಲಿ ತಪ್ಪಿಹೋಯಿತು?