ದೀಪದ ಒಡೆಯರು ಯಾರು?

(ಬಾನುಲಿ ಭಾಷಣ)

ನಮ್ಮ ಬೈಂದೂರು, ಕುಂದಾಪುರದ ಕಡೆಯ ಕನ್ನಡದಲ್ಲಿ 'ಇತ್ತ್' ಎಂದರೆ 'ಇದೆ' ಎಂದೇ ಅರ್ಥ. ಮಳೆಗಾಲದ ಸಂಜೆ ಬೇಲಿಯಾಚೆಯಿಂದ ಒಬ್ಬರು "ಹ್ವಾಯ್, ಕರೆಂಟ್ ಇತ್ತಾ?" ಎಂದು ಕೂಗಿದರೆ ಅವರು ವರ್ತಮಾನದ ಮಾತನ್ನೇ ಆಡುತ್ತಿರುತ್ತಾರೆ. ಘಟ್ಟದ ಮೇಲಿನವರ ಕಿವಿಗೆ ಮಾತ್ರ ಅದು ಭೂತಕಾಲವಾಗಿ ಕೇಳಿಸುತ್ತದೆ. ಆಷಾಢದ ಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಮುರಿದು ಬಿದ್ದ ರಾತ್ರಿ ಈ ಎರಡು ಅರ್ಥಗಳೂ ಒಂದಾಗಿಬಿಡುವುದುಂಟು! ವ್ಯಾಕರಣದ ಈ ಸಣ್ಣ ವಿನೋದದ ಹಿಂದೆ ದೊಡ್ಡದೊಂದು ಪ್ರಶ್ನೆ ಅಡಗಿದೆ. ದೀಪ ಆರಿದಾಗ ನಾವು ಯಾರನ್ನು ಕೇಳಬೇಕು? ಕೇಳಿದರೆ ಉತ್ತರ ಹೇಳುವ ಹೊಣೆ ಯಾರದು? ವಿದ್ಯುತ್ತು ಸಾರ್ವಜನಿಕರ ಸೊತ್ತಾಗಿರಬೇಕೆ, ಖಾಸಗಿ ಕಂಪನಿಗಳ ಕೈಯಲ್ಲಿರಬೇಕೆ ಎಂಬ ಚರ್ಚೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ನನ್ನ ಉದ್ದೇಶ.

ಮೊದಲು ವ್ಯವಸ್ಥೆಯ ಸ್ವರೂಪವನ್ನು ತಿಳಿದುಕೊಳ್ಳೋಣ. ವಿದ್ಯುತ್ತಿನ ವ್ಯವಹಾರದಲ್ಲಿ ಮೂರು ಹಂತಗಳಿವೆ: ಉತ್ಪಾದನೆ, ಪ್ರಸರಣ, ವಿತರಣೆ. ಕರ್ನಾಟಕದಲ್ಲಿ ಶರಾವತಿ, ವಾರಾಹಿಗಳಂಥ ಸ್ಥಾವರಗಳಲ್ಲಿ ವಿದ್ಯುತ್ತನ್ನು ಉತ್ಪಾದಿಸುವುದು ಕರ್ನಾಟಕ ವಿದ್ಯುತ್ ನಿಗಮ. ದೊಡ್ಡ ಗೋಪುರಗಳ ಮೇಲಿನ ತಂತಿಗಳಲ್ಲಿ ಅದನ್ನು ಸಾಗಿಸುವುದು ಪ್ರಸರಣ ನಿಗಮ. ಬೀದಿಯ ಕಂಬದಿಂದ ಮನೆಯ ಮೀಟರಿಗೆ ತಂದು, ತಿಂಗಳಿಗೊಮ್ಮೆ ಬಿಲ್ಲು ಕೊಡುವುದು ವಿತರಣ ಕಂಪನಿಯ ಕೆಲಸ. ನಮ್ಮ ಭಾಗಕ್ಕೆ ಅದು ಮೆಸ್ಕಾಂ. ಹೆಸರಿಗೆ ಇವೆಲ್ಲ ನಿಗಮ, ಕಂಪನಿಗಳಾದರೂ ಒಡೆತನ ಸರಕಾರದ್ದು. ಖಾಸಗಿಯವರು ಮುಖ್ಯವಾಗಿ ಕಾಣಿಸಿಕೊಳ್ಳುವುದು ಮೊದಲನೆಯ ಹಂತದಲ್ಲಿ. ಕಲ್ಲಿದ್ದಲು, ಗಾಳಿ, ಬಿಸಿಲುಗಳಿಂದ ವಿದ್ಯುತ್ತು ತಯಾರಿಸಿ ಸರಕಾರಿ ಕಂಪನಿಗಳಿಗೆ ಮಾರುವುದರಲ್ಲಿ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಪೇಟೆಯಲ್ಲಿ ಎರಡು ಅಂಗಡಿಗಳಿದ್ದರೆ ಅಕ್ಕಿಯನ್ನು ಅಗ್ಗವಾದಲ್ಲಿ ಕೊಳ್ಳಬಹುದು. ಕರೆಂಟನ್ನು ಹಾಗೆ ಕೊಳ್ಳುವಂತಿಲ್ಲ. ಒಂದೇ ಮನೆಗೆ ಎರಡು ಸಾಲು ಕಂಬ ನೆಡುವುದು ಶುದ್ಧ ದುಂದು. ಆದುದರಿಂದ ವಿತರಣೆ ಎಂಬುದು ಸ್ವಭಾವತಃ ಏಕಸ್ವಾಮ್ಯದ ವ್ಯಾಪಾರ. ಗಿರಾಕಿ ಮುನಿಸಿಕೊಂಡು ಪಕ್ಕದ ಅಂಗಡಿಗೆ ಹೋಗಲಾರದ ಇಂಥ ವ್ಯಾಪಾರದಲ್ಲಿ ಒಡೆಯರು ಯಾರೆಂಬುದು ಮುಖ್ಯವಾಗುತ್ತದೆ.

ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಒಂದು ಶತಮಾನಕ್ಕೂ ಮೀರಿದ ಚರಿತ್ರೆ ಇದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿತವಾದ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ೧೯೦೨ರಲ್ಲಿ ಕೆಲಸ ಆರಂಭಿಸಿತು. ಅದನ್ನು ಕಟ್ಟಿಸಿದ್ದು ಮೈಸೂರು ಸಂಸ್ಥಾನದ ಸರಕಾರ. ಆದರೆ ಅದರ ಮೊದಲ ಗಿರಾಕಿ ಕೋಲಾರದ ಚಿನ್ನದ ಗಣಿಗಳ ಬ್ರಿಟಿಷ್ ಕಂಪನಿ! ಸುಮಾರು ೧೪೭ ಕಿಲೋಮೀಟರ್ ಉದ್ದದ ತಂತಿ ಕಾವೇರಿಯ ದಂಡೆಯಿಂದ ಗಣಿಗಳವರೆಗೆ ಹರಿಯಿತು. ದಾರಿಯ ಹಳ್ಳಿಗಳಿಗಾಗಿ ಎಳೆದ ತಂತಿ ಅದಾಗಿರಲಿಲ್ಲ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ೧೯೦೫ರಲ್ಲಿ. ಬಂಡವಾಳ ಸರಕಾರದ್ದಾದ ಮಾತ್ರಕ್ಕೆ ಬೆಳಕು ಜನರ ಮನೆಗೆ ತಾನಾಗಿ ಬರುವುದಿಲ್ಲವೆಂಬುದು ಈ ಚರಿತ್ರೆಯ ಮೊದಲ ಪುಟದಲ್ಲಿಯೇ ಬರೆದಿದೆ.

ಬ್ರಿಟಿಷ್ ಇಂಡಿಯಾದ ಊರುಗಳಲ್ಲಿ ಕ್ರಮ ಬೇರೆಯಾಗಿತ್ತು. ೧೯೧೦ರ ವಿದ್ಯುತ್ ಕಾಯಿದೆಯಂತೆ ಪರವಾನಗಿ ಪಡೆದ ಕಂಪನಿಗಳು ಒಂದೊಂದು ಪಟ್ಟಣವನ್ನು ಹಿಡಿದು ವ್ಯಾಪಾರ ನಡೆಸುತ್ತಿದ್ದವು. ಪಟ್ಟಣಗಳಿಗೆ ದೀಪ ತಂದ ಯಶಸ್ಸು ಬಹುಮಟ್ಟಿಗೆ ಇಂಥ ಕಂಪನಿಗಳದೇ. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಪಟ್ಟಣದ ಗಡಿ ದಾಟಿದೊಡನೆ ಅವುಗಳ ಉತ್ಸಾಹವೂ ಕುಂದುತ್ತಿತ್ತು. ಆದ್ದರಿಂದಲೇ ಸ್ವಾತಂತ್ರ್ಯ ಬಂದ ಮೇಲೆ ೧೯೪೮ರ ಕಾಯಿದೆ ಪ್ರಾಂತಗಳಲ್ಲಿ ವಿದ್ಯುಚ್ಛಕ್ತಿ ಮಂಡಳಿಗಳ ಸ್ಥಾಪನೆಗೆ ದಾರಿಮಾಡಿತು. ನಮ್ಮ ಜಿಲ್ಲೆ ಮದರಾಸಿನಿಂದ ಬಿಡುಗಡೆಯಾಗಿ ೧೯೫೬ರಲ್ಲಿ ವಿಶಾಲ ಮೈಸೂರಿಗೆ ಸೇರಿತು. ಮರುವರ್ಷ ರಾಜ್ಯದ ವಿದ್ಯುತ್ ಮಂಡಳಿ ಹುಟ್ಟಿತು.

ಈ ಮಂಡಳಿಯ ಮಹತ್ವ ಅರ್ಥವಾಗಬೇಕಾದರೆ ನಮ್ಮ ಕರಾವಳಿಯ ನೆಲವನ್ನು ಒಮ್ಮೆ ನೆನೆಯಬೇಕು. ಬಯಲುಸೀಮೆಯ ಊರಿನಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ; ಸುತ್ತ ಹೊಲ. ನಮ್ಮಲ್ಲಿ ಹಾಗಿಲ್ಲ. ಒಂದು ಬೈಲು, ಅದರಂಚಿಗೆ ಒಂದು ಮನೆ. ತೋಟ ದಾಟಿ, ಹಾಡಿ ದಾಟಿ, ಸಂಕ ದಾಟಿ ಇನ್ನೊಂದು ಮನೆ. ಉಪ್ಪುಂದದ ಕಡಲತಡಿಯಲ್ಲಿ ಕಂಬವನ್ನು ಉಪ್ಪುಗಾಳಿ ತಿನ್ನುತ್ತದೆ. ಕೊಲ್ಲೂರು, ಜಡ್ಕಲ್ ಕಡೆ ಕಾಡು ತಂತಿಯ ಮೇಲೆ ಒರಗುತ್ತದೆ. ಒಂದು ಊಹೆಯ ಲೆಕ್ಕ ಹಾಕೋಣ. ಪೇಟೆಯಲ್ಲಿ ಹತ್ತು ಕಂಬ ನೆಟ್ಟರೆ ನೂರು ಮನೆಗಳಿಗೆ ದೀಪ ಕೊಡಬಹುದು. ಗುಡ್ಡದ ಮಗ್ಗುಲಲ್ಲಿ ಹತ್ತು ಕಂಬ ನೆಟ್ಟರೆ ಎರಡು ಮನೆ ಸಿಕ್ಕಿದರೆ ಪುಣ್ಯ. ಆ ಎರಡು ಮನೆಗಳು ಉರಿಸುವುದೋ ನಾಲ್ಕು ಬಲ್ಬು. ಲಾಭದ ಲೆಕ್ಕದಲ್ಲಿ ಆ ಹತ್ತು ಕಂಬಗಳು ಎಂದೂ ಮೇಲೇಳುವುದಿಲ್ಲ.

ಆದರೂ ಅವು ಎದ್ದವು. ಹೇಗೆಂದರೆ, ಪೇಟೆಯ ಅಂಗಡಿ, ದೊಡ್ಡ ಕಾರ್ಖಾನೆ ಮೊದಲಾದವರಿಂದ ಯೂನಿಟ್ಟಿಗೆ ಹೆಚ್ಚು ದರ ಪಡೆದು, ಗುಡ್ಡದ ಮನೆಯಿಂದ ಕಡಿಮೆ ಪಡೆದು. ಇದಕ್ಕೆ ಅಡ್ಡ ಸಹಾಯಧನವೆಂದು ಹೆಸರು. ಕೂಡುಕುಟುಂಬದಲ್ಲಿ ಹೆಚ್ಚು ದುಡಿಯುವವನ ಗಳಿಕೆಯಿಂದ ಮನೆಯ ಎಲ್ಲರ ಊಟ ನಡೆದಂತೆ ಇದು. ಇಡೀ ನಾಡು ಒಂದೇ ಅಡುಗೆಮನೆಯ ಲೆಕ್ಕದಲ್ಲಿದ್ದರೆ ಮಾತ್ರ ಈ ಕ್ರಮ ಸಾಧ್ಯ. ಹೆಚ್ಚು ದುಡಿಯುವವನನ್ನು ಯಾರಾದರೂ ಬೇರೆ ಕರೆದೊಯ್ದರೆ ಉಳಿದವರ ಎಲೆಗೆ ಬೀಳುವುದು ಕಡಿಮೆಯಾಗುತ್ತದೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಸಾರ್ವಜನಿಕ ವಿದ್ಯುತ್ತಿಗೆ ಕಳಂಕವಿಲ್ಲವೆಂದು ನಾನು ಹೇಳಲಾರೆ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಶರಾವತಿಯನ್ನು ತಡೆಯಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಸಾಮರ್ಥ್ಯ ೧,೦೩೫ ಮೆಗಾವಾಟ್. ರಾಜ್ಯಕ್ಕೆ ಇಂದಿಗೂ ಅತಿ ಅಗ್ಗದಲ್ಲಿ ದೊರೆಯುವ ವಿದ್ಯುತ್ತುಗಳಲ್ಲಿ ಅದು ಒಂದು. ಆದರೆ ಆ ಅಗ್ಗದ ಬೆಲೆಯನ್ನು ತೆತ್ತವರು ಹಿನ್ನೀರಿನಲ್ಲಿ ಮನೆ, ಗದ್ದೆ ಕಳೆದುಕೊಂಡವರು. ನಾ. ಡಿಸೋಜ ಅವರ 'ದ್ವೀಪ' ಕಾದಂಬರಿಯನ್ನು ಓದಿದವರಿಗೆ, ಗಿರೀಶ ಕಾಸರವಳ್ಳಿಯವರು ಅದರಿಂದ ತೆಗೆದ ಚಿತ್ರವನ್ನು ಕಂಡವರಿಗೆ ಮುಳುಗಡೆಯ ಸಂಕಟವನ್ನು ನಾನು ವಿವರಿಸಬೇಕಾಗಿಲ್ಲ. ನಮ್ಮದೇ ಮಗ್ಗುಲಲ್ಲಿ, ಹೊಸಂಗಡಿಯ ಬಳಿ, ಬೆಟ್ಟದ ಹೊಟ್ಟೆಯೊಳಗೆ ಕಟ್ಟಿದ ವಾರಾಹಿ ವಿದ್ಯುದಾಗಾರ ೧೯೮೯ರಲ್ಲಿ ಆರಂಭವಾಗಿ ಈಗ ೪೬೦ ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದಿದೆ. ಅದರ ತಂತಿಗಳು ಹಾದುಹೋಗುವ ಕಾಡಿನಂಚಿನವರೂ ಮಳೆಗಾಲದಲ್ಲಿ ಚಿಮಣಿ ಬುಡ್ಡಿಯನ್ನು ಒರಸಿ ಇಟ್ಟುಕೊಂಡವರೇ.

ಇನ್ನು ಮಂಡಳಿಯ ಆಡಳಿತ. ತಂತಿಯಲ್ಲಿ ಸೋರುವ ವಿದ್ಯುತ್ತು, ಮೀಟರಿಲ್ಲದ ಬಳಕೆ, ಚುನಾವಣೆಯ ಮುನ್ನ ಕೊಟ್ಟ ಉಚಿತದ ಮಾತು, ಆ ಉಚಿತದ ಹಣವನ್ನು ಸಕಾಲಕ್ಕೆ ತುಂಬದ ಖಜಾನೆ. ಇವೆಲ್ಲ ಸೇರಿ ಮಂಡಳಿಯನ್ನು ಸಾಲಕ್ಕೆ ನೂಕಿದವು. ೧೯೯೯ರ ಸುಧಾರಣಾ ಕಾಯಿದೆಯಂತೆ ಮಂಡಳಿ ರದ್ದಾಗಿ ಪ್ರಸರಣ ನಿಗಮ ಬಂತು. ದರ ನಿಗದಿಗೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಬಂತು. ೨೦೦೨ರ ಜೂನ್‌ನಲ್ಲಿ ವಿತರಣ ಕಂಪನಿಗಳು ಬೇರ್ಪಟ್ಟವು. ಆಗ ಮುಂದಿನ ಹೆಜ್ಜೆ ಖಾಸಗೀಕರಣವೆಂದೇ ಹಲವರು ಎಣಿಸಿದ್ದರು. ಕರ್ನಾಟಕ ಆ ಹೆಜ್ಜೆ ಇಡಲಿಲ್ಲ. ೨೦೨೩ರಿಂದ ಗೃಹಜ್ಯೋತಿಯ ಹೆಸರಿನಲ್ಲಿ ತಿಂಗಳಿಗೆ ೨೦೦ ಯೂನಿಟ್‌ಗಳ ಮಿತಿಯೊಳಗೆ ಮನೆಗಳಿಗೆ ವಿದ್ಯುತ್ತು ಉಚಿತವಾಗಿದೆ. ಅದು ಒಳ್ಳೆಯದೋ ಅಲ್ಲವೋ ಎಂಬ ವಾದ ಇರಲಿ. ಸರಕಾರ ಆ ಹಣವನ್ನು ಕಂಪನಿಗೆ ಕ್ರಮವಾಗಿ ಕಟ್ಟಿದರೆ ಅದು ದಾನ. ಕಟ್ಟದಿದ್ದರೆ ಮುಂದಿನ ತಲೆಮಾರಿನ ಹೆಸರಿನಲ್ಲಿ ಮಾಡಿದ ಸಾಲ.

ಖಾಸಗಿಯವರ ಅನುಭವ ಹೇಗಿದೆ? ದೂರ ಹೋಗುವುದು ಬೇಡ. ನಮ್ಮ ಜಿಲ್ಲೆಯ ದಕ್ಷಿಣದ ತುದಿಯಲ್ಲಿ, ಪಡುಬಿದ್ರಿಯ ಸಮೀಪದ ಎಲ್ಲೂರಿನಲ್ಲಿ, ಆಮದು ಕಲ್ಲಿದ್ದಲಿನ ೧,೨೦೦ ಮೆಗಾವಾಟ್ ಸ್ಥಾವರ ಇದೆ. ಈ ಪ್ರದೇಶದಲ್ಲಿ ಉಷ್ಣ ಸ್ಥಾವರ ಕಟ್ಟುತ್ತೇವೆಂದು ಬಂದ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ ೧೯೯೯ರಲ್ಲಿ ಹಿಂದಕ್ಕೆ ಹೋಯಿತು. ಬಳಿಕ ನಾಗಾರ್ಜುನ ಬಂತು, ಲ್ಯಾಂಕೋ ಬಂತು, ೨೦೧೫ರಲ್ಲಿ ಅದಾನಿ ಸಮೂಹ ಬಂತು. ೨೦೧೦ರಿಂದ ಅಲ್ಲಿ ಉತ್ಪಾದನೆ ನಡೆದಿದೆ. ರಾಜ್ಯಕ್ಕೆ ಬೇಕಾದಾಗ ವಿದ್ಯುತ್ತೂ ದೊರೆತಿದೆ. ಸುತ್ತಲಿನವರು ಹಾರುಬೂದಿ, ಬಾವಿಗಿಳಿದ ಉಪ್ಪುನೀರುಗಳ ದೂರನ್ನು ಹಿಡಿದು ಅಲೆದುದೂ ನಡೆದಿದೆ. ೨೦೧೯ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ೫ ಕೋಟಿ ರೂಪಾಯಿಗಳ ಮಧ್ಯಂತರ ಪರಿಹಾರ ಕಟ್ಟುವಂತೆ ಆದೇಶಿಸಿತು. ಇಲ್ಲಿ ನಾನು ಗಮನಿಸುವುದು ಒಂದೇ ಅಂಶ. ಊರಿನವರು ಊರಿನಲ್ಲಿಯೇ ಇದ್ದಾರೆ. ಒಡೆಯರ ಹೆಸರು ಮಾತ್ರ ಬದಲಾಗುತ್ತ ಬಂತು. ನೆರೆಮನೆಯ ಯಜಮಾನ ಪದೇ ಪದೇ ಬದಲಾದರೆ ಬೇಲಿಯ ತಂಟೆಯನ್ನು ಯಾರೊಡನೆ ಮಾತಾಡಿ ಮುಗಿಸುವುದು?

ವಿತರಣೆಯನ್ನು ಖಾಸಗಿಯವರಿಗೆ ಒಪ್ಪಿಸಿದ ಎರಡು ಉದಾಹರಣೆಗಳು ನಮ್ಮ ದೇಶದಲ್ಲಿಯೇ ಇವೆ. ದೆಹಲಿಯಲ್ಲಿ ೨೦೦೨ರಲ್ಲಿ ಹೀಗೆ ಮಾಡಿದರು. ಅದಕ್ಕೆ ಮೊದಲು ಅರ್ಧದಷ್ಟು ವಿದ್ಯುತ್ತು ಹಣವಾಗದೆ ಹೋಗುತ್ತಿತ್ತು, ಇಂದು ಆ ನಷ್ಟ ನೂರಕ್ಕೆ ಹತ್ತಕ್ಕಿಂತ ಕೆಳಗಿಳಿದಿದೆ. ಇದು ನಿಜವಾದ ಸಾಧನೆ. ಒಡಿಶಾದಲ್ಲಿ ೧೯೯೯ರಲ್ಲಿಯೇ ಮಾಡಿದ್ದರು. ಅದೇ ಅಕ್ಟೋಬರಿನ ಮಹಾ ಚಂಡಮಾರುತ ಕಂಬಗಳನ್ನು ಸಾಲುಸಾಲಾಗಿ ಮಲಗಿಸಿತು. ಮಧ್ಯ ವಲಯವನ್ನು ವಹಿಸಿಕೊಂಡಿದ್ದ ಅಮೆರಿಕದ ಕಂಪನಿ ೨೦೦೧ರಲ್ಲಿ ಕೈಬಿಟ್ಟು ಹೋಯಿತು. ಉಳಿದ ಮೂರು ವಲಯಗಳ ಪರವಾನಗಿ ೨೦೧೫ರಲ್ಲಿ ರದ್ದಾಯಿತು. ಮುಂದೆ ೨೦೨೦–೨೧ರಲ್ಲಿ ಟಾಟಾ ಸಂಸ್ಥೆ ಆ ಕೆಲಸವನ್ನು ಕೈಗೆತ್ತಿಕೊಂಡಿದೆ. ದೆಹಲಿ ಒತ್ತೊತ್ತಾದ ಮನೆಗಳ, ಕಾಸುಳ್ಳ ಗಿರಾಕಿಗಳ ನಗರ. ಒಡಿಶಾ ಸಮುದ್ರ, ಕಾಡು, ಬಿರುಗಾಳಿ, ಚದುರಿದ ಹಳ್ಳಿಗಳ ನಾಡು. ಬೈಂದೂರು ಇವೆರಡರಲ್ಲಿ ಯಾವುದಕ್ಕೆ ಹತ್ತಿರವೆಂದು ಓದುಗರಿಗೆ ಹೇಳಬೇಕೆ?

ಮೂರನೆಯ ದಾರಿಯೊಂದು ಉಂಟು: ಸಹಕಾರ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ೧೯೬೯ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಆರಂಭವಾಯಿತು. ದೇಶದಲ್ಲಿ ಪ್ರಯೋಗಕ್ಕೆಂದು ಆಗ ಆರಿಸಿದ ಐದು ಸಂಘಗಳಲ್ಲಿ ಅದು ಒಂದು. ಇಂದಿಗೂ ಅಲ್ಲಿ ವಿತರಣೆ ನಡೆಸುತ್ತಿದೆ. ಅದೇ ಐದರಲ್ಲಿ ಒಂದಾದ ಮಹಾರಾಷ್ಟ್ರದ ಮುಳಾ–ಪ್ರವರಾ ಸಂಘ ೨೦೧೧ರಲ್ಲಿ ತನ್ನ ಕಾರ್ಯವನ್ನು ಕಳೆದುಕೊಂಡಿತು. ಸಹಕಾರವೂ ಮಂತ್ರದಂಡವೇನಲ್ಲ. ಖಾಸಗಿ ಬಂಡವಾಳದ ತವರೆನಿಸಿದ ಅಮೆರಿಕದಲ್ಲಿ ನೆಬ್ರಾಸ್ಕ ಎಂಬ ಇಡೀ ರಾಜ್ಯಕ್ಕೆ ವಿದ್ಯುತ್ತು ಕೊಡುವುದು ಸಾರ್ವಜನಿಕ ಮತ್ತು ಸಹಕಾರಿ ಸಂಸ್ಥೆಗಳೇ ಎಂದರೆ ನಮ್ಮಲ್ಲಿ ಅನೇಕರಿಗೆ ಆಶ್ಚರ್ಯವಾದೀತು. ಅಲ್ಲಿನ ಸಾರ್ವಜನಿಕ ಸಂಸ್ಥೆಗಳ ಆಡಳಿತ ಮಂಡಲಿಗಳಿಗೆ ಹಲವೆಡೆ ಜನರೇ ಮತ ಹಾಕಿ ಸದಸ್ಯರನ್ನು ಆರಿಸುತ್ತಾರೆ. ನಮ್ಮಲ್ಲಿ ಮೆಸ್ಕಾಂನ ನಿರ್ದೇಶಕರು ಯಾರೆಂದು ಎಷ್ಟು ಮಂದಿಗೆ ಗೊತ್ತು?

ಹೀಗೆ ಕೇಳುವುದಕ್ಕೆ ಕಾರಣವಿದೆ. ಉಡುಪಿಯಲ್ಲಿ ೧೯೨೫ರಲ್ಲಿ ಹುಟ್ಟಿ, ಮನೆಮನೆಯಿಂದ ದಿನಕ್ಕೆ ಎರಡಾಣೆ ಕೂಡಿಸಿ ಬೆಳೆದ ಬ್ಯಾಂಕು ೧೯೬೯ರಲ್ಲಿ ರಾಷ್ಟ್ರೀಕರಣವಾಗಿ ಸಾರ್ವಜನಿಕರ ಸೊತ್ತಾಯಿತು. ೨೦೨೦ರಲ್ಲಿ ದೆಹಲಿಯ ತೀರ್ಮಾನದಂತೆ ಸಿಂಡಿಕೇಟ್ ಎಂಬ ಹೆಸರೇ ಬೋರ್ಡಿನಿಂದ ಇಳಿಯಿತು. ನಾವು ಮರುಗಿದೆವು; ನಮ್ಮನ್ನು ಯಾರೂ ಕೇಳಲಿಲ್ಲ. ಸೊತ್ತು ಸಾರ್ವಜನಿಕರದ್ದಾಗಿಯೂ ಸಾರ್ವಜನಿಕರು ಅದರ ಒಡೆಯರಾಗದಿರುವುದು ಸಾಧ್ಯ.

ಈಗ ಕೂಡುಕುಟುಂಬದ ಮಾತಿಗೆ ಬರೋಣ. ೨೦೨೨ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಮಂಡಿತವಾದ ವಿದ್ಯುತ್ ತಿದ್ದುಪಡಿ ಮಸೂದೆ, ಇರುವ ತಂತಿಗಳನ್ನೇ ಬಳಸಿ ಬೇರೆ ಕಂಪನಿಗಳೂ ಅದೇ ಪ್ರದೇಶದಲ್ಲಿ ವಿದ್ಯುತ್ತು ಮಾರಲು ಅವಕಾಶ ನೀಡುವಂಥದು. ಅದು ಸ್ಥಾಯಿ ಸಮಿತಿಗೆ ಹೋಯಿತು. ೨೦೨೪ರಲ್ಲಿ ಆ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು. ವಿಚಾರ ಬಿದ್ದುಹೋಗಿಲ್ಲ. ಹೊಸ ಕಂಪನಿ ಬಂದರೆ ಮಂಗಳೂರಿನ ಮಾಲುಗಳನ್ನು, ಮಣಿಪಾಲದ ಆಸ್ಪತ್ರೆಗಳನ್ನು ಹುಡುಕಿಕೊಂಡು ಹೋದೀತೇ ಹೊರತು ಮುದೂರಿನ ಗುಡ್ಡ ಹತ್ತುವ ಆತುರ ಅದಕ್ಕೇಕೆ? ಹೆಚ್ಚು ಬಿಲ್ಲು ತೆರುವವರು ಅತ್ತ ಹೋದರೆ ಮೆಸ್ಕಾಂಗೆ ಉಳಿಯುವುದು ದೂರದ ಕಂಬಗಳು, ಅಡಿಕೆ ತೋಟದ ಪಂಪುಗಳು ಮತ್ತು ಮಳೆಗಾಲ. ಆಗ ಹಳ್ಳಿಯ ದರ ಏರಬೇಕು, ಇಲ್ಲವೆ ಖಜಾನೆ ಬರಿದಾಗಬೇಕು.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು. ವಿದ್ಯುತ್ತನ್ನು ಯಾರು ಬೇಕಾದರೂ ತಯಾರಿಸಲಿ, ಷರತ್ತುಗಳು ಬಿಗಿಯಾಗಿರಲಿ. ಕೊನೆಯ ಕಂಬ ಮಾತ್ರ ಸಾರ್ವಜನಿಕರದ್ದಾಗಿಯೇ ಉಳಿಯಬೇಕು. ಗಾಳಿಮಳೆಯಲ್ಲಿ ಏಣಿ ಹೊತ್ತು ತೋಟಕ್ಕೆ ಬರುವ ಲೈನ್‌ಮನ್ನನ ಹಿಂದೆ ಒಂದು ಸಂಸ್ಥೆ ಇರುತ್ತದೆ. ಆ ಸಂಸ್ಥೆಗೆ ನಮ್ಮ ಮನೆಯನ್ನು ಲಾಭದ ಪಟ್ಟಿಯಿಂದ ಹೊಡೆದುಹಾಕುವ ಸ್ವಾತಂತ್ರ್ಯ ಇರಕೂಡದು. ಆದರೆ ಈ ಹಕ್ಕನ್ನು ಕೇಳುವವರು ಒಡೆಯರ ಕರ್ತವ್ಯವನ್ನೂ ಮಾಡಬೇಕು. ವಿತರಣ ಕಂಪನಿ ದರ ಏರಿಸಬೇಕೆಂದರೆ ನಿಯಂತ್ರಣ ಆಯೋಗದ ಮುಂದೆ ತನ್ನ ಲೆಕ್ಕವನ್ನು ಇಡಬೇಕು. ಆಯೋಗ ಸಾರ್ವಜನಿಕ ವಿಚಾರಣೆ ನಡೆಸಬೇಕು. ಯಾವ ಗ್ರಾಹಕನೂ ಬರಹದಲ್ಲಿ ಆಕ್ಷೇಪಣೆ ಸಲ್ಲಿಸಬಹುದು. ದುರಸ್ತಿ ವಿಳಂಬವಾದರೆ ಪರಿಹಾರ ಕೇಳುವ ನಿಯಮವೂ, ದೂರು ಆಲಿಸುವ ವೇದಿಕೆಯೂ ಇವೆ. ಪತ್ರಿಕೆಗಳಿಗೆ ಓದುಗರ ಓಲೆ ಬರೆಯುವ ಅಭ್ಯಾಸ ನಮ್ಮ ಊರುಗಳಲ್ಲಿ ಬಹಳ ಮಂದಿಗೆ ಉಂಟು. ಮುಂದಿನ ದರ ವಿಚಾರಣೆಯ ಪ್ರಕಟಣೆ ಕಂಡಾಗ ಅವರಲ್ಲಿ ಹತ್ತು ಮಂದಿ, ತಮ್ಮ ಊರಿನಲ್ಲಿ ಕಳೆದ ಮಳೆಗಾಲ ಎಷ್ಟು ದಿನ ದೀಪವಿರಲಿಲ್ಲ ಎಂಬ ಲೆಕ್ಕವನ್ನು ಒಂದೊಂದು ಹಾಳೆಯಲ್ಲಿ ಬರೆದು ಆಯೋಗಕ್ಕೆ ಕಳುಹಿಸಿದರೆ ಸಾಕು. ಅಷ್ಟರಿಂದಲೇ ಒಡೆತನದ ಕೆಲಸ ಆರಂಭವಾಗುತ್ತದೆ.