ಎಡಗೈಗೊಂದು, ಬಲಗೈಗೊಂದು

ಗದಗಿನ ಸಮೀಪದ ಅಸುಂಡಿಯಂಥ ಎರೆನಾಡಿನ ಊರಲ್ಲಿ ಸುಗ್ಗಿ ತೀರಿದೊಡನೆ ಕುಡುಗೋಲಿಗೆ ಎಣ್ಣೆ ಸವರಿ ಜಂತಿಗೆ ಸಿಕ್ಕಿಸಿಡುತ್ತಾರೆ. ಕಬ್ಬಿಣಕ್ಕೆ ನೀರಿಗಿಂತ ನಿಷ್ಠುರವಾದ ವೈರಿಯಿಲ್ಲವೆಂಬುದನ್ನು ಒಕ್ಕಲುಮಗನಿಗೆ ಯಾರೂ ಕಲಿಸಬೇಕಾಗಿಲ್ಲ. ಮೈಬೆವರಿಗೆ ತಗುಲಿಯೇ ಇರುವ ಕೈಕೋವಿಗಾದರೋ ಈ ವೈರಿಯ ಕಾಟ ಇಮ್ಮಡಿ.

ಕನ್ನಡನಾಡಿನಲ್ಲಿ ಕೈಕೋವಿಯ ಶಿಲ್ಪವು ಉತ್ಕರ್ಷವನ್ನು ಮುಟ್ಟಿದುದು ಟೀಪೂ ಸುಲ್ತಾನನ ಶ್ರೀರಂಗಪಟ್ಟಣದಲ್ಲಿ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡುಗಳೊಡನೆ ಆವರಿಕೆಯ ಕಡ್ಡಿಯನ್ನೂ ಹಸಿರೆಲೆಯನ್ನೂ ಇರಿಸಿ, ಬಾಯಿ ಮುಚ್ಚಿ, ತಿದಿಯೂದಿ ಕಾಯಿಸಲಾಗಿ, ಸಸ್ಯದ ಇಂಗಾಲವು ಲೋಹದೊಳಗೆ ಬೆರೆತು ಉಕ್ಕಾಗುತ್ತಿದ್ದ ಮೈಸೂರು ಸೀಮೆಯ ಪರಿಯನ್ನು 1800ರಲ್ಲಿ ಇಲ್ಲಿ ಸಂಚರಿಸಿದ ಬುಕಾನನ್ನನು ವರ್ಣಿಸಿದ್ದಾನೆ. ಸುಲ್ತಾನನಿಗೆಂದು ಸಿದ್ಧವಾದ ಪಿಸ್ತೂಲುಗಳಲ್ಲಿ ಜೋಡಿಗಳುಂಟು: ಒಂದರ ಚಕಮಕಿಯ ಯಂತ್ರ ಬಲಮಗ್ಗುಲಿಗಿದ್ದರೆ ಮತ್ತೊಂದರದು ಎಡಮಗ್ಗುಲಿಗೆ, ಕನ್ನಡಿಯೊಳಗಣ ಪ್ರತಿಬಿಂಬದಂತೆ. 1799ರ ಮೇ 4ರಂದು ಕೋಟೆ ಬಿದ್ದಿತು. ಕೋವಿಗಳು ಕೊಳ್ಳೆಯ ಸೊತ್ತಾಗಿ ಹಡಗನ್ನೇರಿದವು.

ಆ ಉಕ್ಕು ಕಠಿಣವಾಗಿದ್ದರೂ ತುಕ್ಕಿಗೆ ಅಂಜುತ್ತಿತ್ತು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿಯು ಬಂದೂಕಿನ ನಳಿಗೆ ಸವೆಯದಂತೆ ಮಾಡುವ ಉಪಾಯವನ್ನರಸುತ್ತ, ನೂರಕ್ಕೆ ಸುಮಾರು 13 ಪಾಲು ಕ್ರೋಮಿಯಂ ಬೆರೆತ ಉಕ್ಕನ್ನು ಎರಕ ಹೊಯ್ಯಿಸಿದನು. ಆ ಕ್ರೋಮಿಯಂ ಗಾಳಿಯೊಳಗಣ ಆಮ್ಲಜನಕದೊಡನೆ ಕೂಡಿ, ಕಣ್ಣಿಗೆ ಕಾಣದ ಪೊರೆಯಾಗಿ ಉಕ್ಕನ್ನು ಕಾಯುತ್ತದೆ. ನಳಿಗೆಗಾಗಿ ಹುಡುಕಿದ್ದು ಮೊದಲು ಊಟದ ಮೇಜಿನ ಚಾಕುವಾಯಿತು, ಅನಂತರ ನಮ್ಮ ಮನೆಗಳ ಸ್ಟೀಲಿನ ತಟ್ಟೆ, ತಂಬಿಗೆ. ಕೈಕೋವಿಗೆ ಅದು ಒದಗಿದುದು ಬಹುಕಾಲದ ಮೇಲೆ, 1965ರಲ್ಲಿ, ಅಮೆರಿಕೆಯ ಸ್ಮಿತ್ ಅಂಡ್ ವೆಸನ್ ಕಂಪನಿಯ ರಿವಾಲ್ವರಿನ ರೂಪದಲ್ಲಿ. ಪಿಸ್ತೂಲಿನಲ್ಲಿ ತೊಡಕು ಬೇರೆಯದು: ಗುಂಡು ಹಾರಿದಾಗಲೆಲ್ಲ ಮೇಲಿನ ಭಾಗವು ಚೌಕಟ್ಟಿನ ಮೇಲೆ ಹಿಂದುಮುಂದಾಗಿ ಜಾರಬೇಕು, ಸ್ಟೇನ್‌ಲೆಸ್ ಉಕ್ಕಿಗೆ ಸ್ಟೇನ್‌ಲೆಸ್ ಉಕ್ಕೇ ಉಜ್ಜಿದರೆ ಒಂದನ್ನೊಂದು ಕಚ್ಚಿ ಹಿಡಿಯುತ್ತದೆ. ಆದಕಾರಣ ಎರಡಕ್ಕೂ ಬೇರೆ ಬೇರೆ ಹದ ಕೊಡಬೇಕಾಯಿತು.

ಈ ಲೋಹವನ್ನೇ ನಂಬಿ 1983ರಲ್ಲಿ ಕ್ಯಾಲಿಫೋರ್ನಿಯಾದ ಸನ್ ವ್ಯಾಲಿಯಲ್ಲಿ ಪಿಸ್ತೂಲು ತಯಾರಿಸತೊಡಗಿದ ರಾಂಡಲ್ ಎಂಬ ಸಣ್ಣ ಕಾರ್ಖಾನೆಯು, ಹಳೆಯ ಕೋಲ್ಟ್ ಮಾದರಿಯನ್ನು ಸ್ಟೇನ್‌ಲೆಸ್ ಉಕ್ಕಿನಲ್ಲಿ ಮಾಡಿದ್ದಲ್ಲದೆ, ಎಡಚರಿಗೋಸ್ಕರ ಅದನ್ನು ಪೂರ್ಣವಾಗಿ ಮಗುಚಿ, ಖಾಲಿ ತೋಟಾ ಎಡಕ್ಕೆ ಸಿಡಿಯುವಂತೆಯೂ ರಚಿಸಿತು. ಶ್ರೀರಂಗಪಟ್ಟಣದ ಕುಶಲಿಯ ಕನ್ನಡಿ ಮತ್ತೆ ತೆರೆದಂತಾಯಿತು. ಆದರೆ ತಯಾರಾದ ಪಿಸ್ತೂಲುಗಳ ಲೆಕ್ಕ ಹತ್ತು ಸಾವಿರವೂ ತುಂಬುವ ಮೊದಲೇ, 1985ರಲ್ಲಿ, ಆ ಕಾರ್ಖಾನೆ ಬಾಗಿಲು ಮುಚ್ಚಿತು.

ಎಡಗೈಯ ಅಳತೆಯನ್ನು ಇಷ್ಟು ಅಕ್ಕರೆಯಿಂದ ಹಿಡಿದ ಆ ಕೋವಿಗಳು ಇಂದು ಸಂಗ್ರಾಹಕರ ಗಾಜಿನ ಪೆಟ್ಟಿಗೆಗಳಲ್ಲಿ, ಯಾವ ಕೈಯೂ ತಾಗದೆ ಹೊಳೆಯುತ್ತಿವೆ. ಜಂತಿಯ ಕುಡುಗೋಲಿಗೋ ತುಕ್ಕು ಹಿಡಿಯುತ್ತದೆ. ಕಂಬಾರನು ಹಣಿಸಿಕೊಟ್ಟ ಮೇಲೆ, ಮುಂದಿನ ಸುಗ್ಗಿಗೆ ಅದು ಮತ್ತೆ ಕೈಗೆ ಬರುತ್ತದೆ.