ಬಿಚ್ಚಿ ಸುತ್ತಿದಷ್ಟೂ ಬಾಳುವ ರೇಷ್ಮೆ ರುಮಾಲು

ಹುಕ್ಕೇರಿ ತಾಲ್ಲೂಕಿನ ನಿಡಸೋಸಿ ದುರದುಂಡೀಶ್ವರ ಮಠದ ಊರು. ಪಕ್ಕದಲ್ಲೇ ಸಂಕೇಶ್ವರ, ಅದರಾಚೆ ಮಹಾರಾಷ್ಟ್ರದ ಗಡಿ. ಗೋಕಾಕ, ಮೂಡಲಗಿಯಿಂದ ಕೊಲ್ಹಾಪುರದವರೆಗಿನ ಈ ಸೀಮೆಯಲ್ಲಿ ಹಿರಿಯರ ಉಡುಪು ಪೂರ್ಣವಾಗುವುದು ತಲೆಗೆ ಬಟ್ಟೆ ಸುತ್ತಿದ ಮೇಲೆಯೇ. ಹೊಲಕ್ಕೆ ಬಿಳಿ ಹತ್ತಿಯದು; ಲಗ್ನ, ಜಾತ್ರೆ, ಸತ್ಕಾರಕ್ಕೆ ಜರಿ ಅಂಚಿನ ರೇಷ್ಮೆಯದು. ರುಮಾಲು, ಪಟಗ, ಫೇಟಾ ಎಂದು ಅದಕ್ಕೆ ಹಲವು ಹೆಸರು. ಬೀಗರಿಗೆ ಆಯೇರಿ ಮಾಡುವಾಗಲೂ ಊರಿನ ಹಿರಿಯರನ್ನು ಸನ್ಮಾನಿಸುವಾಗಲೂ ಮೊದಲು ಕೈಗೆ ಬರುವುದು ಇದೇ.

ಈಗ ಲಗ್ನಗಳಲ್ಲಿ ಹೊಲಿದು ಸಿದ್ಧಮಾಡಿಟ್ಟ ಫೇಟಾಗಳೇ ಹೆಚ್ಚು. ಟೊಪ್ಪಿಗೆಯಂತೆ ಇಟ್ಟುಕೊಂಡರೆ ಆಯಿತು. ಆದರೆ ರೇಷ್ಮೆಗೆ ಈ ಅನುಕೂಲ ಒಗ್ಗುವುದಿಲ್ಲ. ಒಂದೇ ಜಾಗದಲ್ಲಿ ವರ್ಷಗಟ್ಟಲೆ ಮಡಿಕೆ ಕೂತರೆ ಎಳೆ ಅಲ್ಲೇ ಮುರಿಯುತ್ತದೆ. ಪ್ರತಿಸಲ ಬಿಚ್ಚಿ ಹೊಸದಾಗಿ ಸುತ್ತುವ ಬಟ್ಟೆಯಲ್ಲಿ ಮಡಿಕೆ ಜಾಗ ಬದಲಿಸುತ್ತಲೇ ಇರುತ್ತದೆ. ಮುತ್ಯಾನ ರುಮಾಲು ಮೊಮ್ಮಗನ ಲಗ್ನದವರೆಗೂ ಬಾಳುವುದರಲ್ಲಿ ಈ ಬಿಚ್ಚುವ-ಸುತ್ತುವ ರೂಢಿಯ ಪಾಲು ದೊಡ್ಡದು.

ಸುತ್ತುವ ಬಗೆ

ಫೇಟಾ ಬಟ್ಟೆ ಸಾಮಾನ್ಯವಾಗಿ ಏಳೆಂಟು ಮೀಟರ್ ಉದ್ದ. ಮೊದಲು ಅಗಲವನ್ನು ಸಣ್ಣ ನಿರಿಗೆಗಳಾಗಿ ಕೂಡಿಸಿಕೊಳ್ಳಬೇಕು. ಬೆನ್ನ ಮೇಲೆ ಇಳಿಬಿಡಲು ಒಂದು ತುದಿಯಲ್ಲಿ ತೋಳುದ್ದ ಬಿಟ್ಟು, ಉಳಿದದ್ದನ್ನು ಹಣೆಯ ಮೇಲೆ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಒಂದರ ಮೇಲೊಂದು ಹಾಯುವಂತೆ ಸುತ್ತುತ್ತಾರೆ. ಕೊನೆಯ ತುದಿಯನ್ನು ನಿರಿಗೆ ಹಿಡಿದು ಮೇಲೆ ಸಿಕ್ಕಿಸಿದರೆ ಅದೇ ತುರಾಯಿ. ಬಿಗಿ ಹಿಡಿತದಲ್ಲಿರಬೇಕು, ಎಳೆದೆಳೆದು ಬಿಗಿದರೆ ಜರಿ ಕಿತ್ತುಬರುತ್ತದೆ. ಪಿನ್ನು ಬೇಡ, ಅದು ಮಾಡಿದ ತೂತು ಮುಚ್ಚುವುದಿಲ್ಲ. ತಲೆಯ ಎಣ್ಣೆ, ಬೆವರು ತಾಗದಂತೆ ಒಳಗೊಂದು ತೆಳುವಾದ ಹತ್ತಿ ಬಟ್ಟೆ ಇರಲಿ.

ಇದೇ ಕಾಳಜಿ ಹೆಣ್ಣುಮಕ್ಕಳ ಕೊರಳಿನ ರೇಷ್ಮೆ ಸ್ಕಾರ್ಫಿಗೂ ಸಲ್ಲುತ್ತದೆ. ಚೌಕ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಚಿ, ಸಡಿಲ ಗಂಟು ಹಾಕಿ, ಗಂಟನ್ನು ಒಂದು ಸಲ ಮುಂದೆ, ಒಂದು ಸಲ ಪಕ್ಕಕ್ಕೆ ತಂದರೆ ಸಾಕು. ಹಳೆಯ ಇಳಕಲ್ ಸೀರೆಯ ಮೈ ಹರಿದಿದ್ದರೂ ಅದರ ರೇಷ್ಮೆ ಸೆರಗು ಗಟ್ಟಿಯಾಗಿ ಉಳಿದಿದ್ದರೆ, ಅದೇ ಚಂದದ ಹೆಗಲುವಸ್ತ್ರವಾಗುತ್ತದೆ.

ಆರೈಕೆ

ನಮ್ಮ ಕೂದಲಿನಂತೆ ರೇಷ್ಮೆಯೂ ಪ್ರೋಟೀನಿನ ಎಳೆ. ಹಾಗಾಗಿ ಸೋಡಾ, ಖಾರವಾದ ಸಾಬೂನು, ಬ್ಲೀಚಿಂಗ್ ಪುಡಿ ಅದಕ್ಕೆ ವಿಷ. ತೊಟ್ಟ ದಿನವೇ ಪೆಟ್ಟಿಗೆಗೆ ಸೇರಿಸದೆ ನೆರಳಿನಲ್ಲಿ ಗಾಳಿಗೆ ಹಾಕಿ. ಜರಿಯಿಲ್ಲದ, ಬಣ್ಣ ಬಿಡದ ಬಟ್ಟೆಯನ್ನು ತಣ್ಣೀರಿನಲ್ಲಿ ಅಂಟವಾಳದ ನೊರೆಯಿಂದ ಮೆಲ್ಲಗೆ ತೊಳೆದು, ಹಿಂಡದೆ, ಟವೆಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆಯಬಹುದು. ಜರಿಯದ್ದನ್ನು ಡ್ರೈ ಕ್ಲೀನಿಂಗಿಗೆ ಕೊಡುವುದೇ ಸರಿ. ಬಿಸಿಲು ಬಣ್ಣವನ್ನೂ ಬಲವನ್ನೂ ತಿನ್ನುತ್ತದೆ. ಇಸ್ತ್ರಿ ಕಡಿಮೆ ಶಾಖದಲ್ಲಿ, ಒಳಮೈಯಿಂದ.

ಬೆಳ್ಳಿ ಜರಿ ಗಂಧಕ ತಾಗಿದರೆ ಕಪ್ಪಾಗುತ್ತದೆ; ರಬ್ಬರ್ ಬ್ಯಾಂಡ್ ಹಾಕಬೇಡಿ, ಅತ್ತರು ಚಿಮುಕಿಸಬೇಡಿ. ಪ್ಲಾಸ್ಟಿಕ್ ಚೀಲದ ಬದಲು ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಇಡುವುದಾದರೆ ಬಟ್ಟೆಗೆ ತಾಗದಂತೆ ಪ್ರತ್ಯೇಕ ಗಂಟಿನಲ್ಲಿರಲಿ. ಮೂರು ತಿಂಗಳಿಗೊಮ್ಮೆ ಬಿಚ್ಚಿ, ಗಾಳಿ ಆಡಿಸಿ, ಮಡಿಕೆ ಬದಲಿಸಿ.

ಕೊಳ್ಳುವಾಗ 2004ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಆರಂಭಿಸಿದ ಸಿಲ್ಕ್ ಮಾರ್ಕ್ ಗುರುತು ನೋಡಿ. ಮನೆಯಲ್ಲಿರುವ ಹಳೆಯದರ ಬಗ್ಗೆ ಅನುಮಾನವಿದ್ದರೆ ಅಂಚಿನ ಒಂದು ಎಳೆ ಸುಟ್ಟು ನೋಡಿ: ಶುದ್ಧ ರೇಷ್ಮೆ ಕೂದಲು ಸುಟ್ಟ ವಾಸನೆ ಬೀರಿ, ಬೆರಳಿಗೆ ಪುಡಿಯಾಗುವ ಬೂದಿ ಬಿಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ಬಟ್ಟೆಯ ಜೊತೆಗೆ ಸುತ್ತುವ ಕೈಯೂ ಉಳಿಯಬೇಕು. ಬರುವ ಲಗ್ನದ ಹಂಗಾಮಿನಲ್ಲಿ ಸಿದ್ಧ ಫೇಟಾ ತರುವ ಮೊದಲು ಮನೆಯ ಟ್ರಂಕು ತೆರೆಯಿರಿ. ರುಮಾಲು ಸಿಕ್ಕರೆ ಮನೆಯ ಹಿರಿಯರಿಂದ ಒಮ್ಮೆ ಸುತ್ತಿಸಿಕೊಳ್ಳಿ, ಮರುಸಲ ನೀವೇ ಸುತ್ತಿ.